ಮಾಸ್ತರರ ವರ್ಗಣಿ

ಕನ್ನಡ ನಾಡಿನ ಯಾವ ಹಳೆಯ ಶಾಲೆಗೆ ಹೋದರೂ ಬಾಗಿಲ ಬಳಿಯಲ್ಲಿ ಒಂದೆರಡು ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಇಂಥ ಕೋಣೆಯನ್ನು ಇಂಥವರು ತಮ್ಮ ಮಾತಾಪಿತೃಗಳ ಸ್ಮರಣಾರ್ಥವಾಗಿ ಕಟ್ಟಿಸಿದರು, ಈ ಬಾವಿಯನ್ನು ಇಂಥವರು ತೋಡಿಸಿದರು, ಈ ಕಟ್ಟಡದ ಅಡಿಗಲ್ಲನ್ನು ಇಂಥ ಅಧಿಕಾರಿಗಳು ಇರಿಸಿದರು ಎಂದು ಅವು ಸಾರುತ್ತಿರುತ್ತವೆ. ಹಣ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವುದು ಯೋಗ್ಯವೇ ಸರಿ. ಕೃತಜ್ಞತೆಯನ್ನು ತೋರಿಸಲು ಕಲ್ಲಿಗಿಂತ ಅಗ್ಗವಾದ ಸಾಧನವು ದೊರೆಯಲಾರದು. ಆದರೆ ಕಟ್ಟಡವನ್ನು ಒಮ್ಮೆ ಕಟ್ಟಿದರೆ ಮುಗಿಯಿತು. ಶಾಲೆಯನ್ನಾದರೋ ಪ್ರತಿ ತಿಂಗಳೂ ಹೊಸದಾಗಿ ಕಟ್ಟಬೇಕಾಗುತ್ತದೆ. ಆ ಕಟ್ಟುವಿಕೆಗೆ ಬೇಕಾದ ಹಣವೆಂದರೆ ಮಾಸ್ತರರ ಸಂಬಳ. ಶಾಲೆಯ ವೆಚ್ಚದಲ್ಲಿ ಬಹು ದೊಡ್ಡ ಪಾಲು ಅದೇ. ಆ ಸಂಬಳವನ್ನು ಯಾರು ಕೊಡುತ್ತಾರೆ, ಯಾವ ಲೆಕ್ಕದ ಮೇಲೆ ಕೊಡುತ್ತಾರೆ, ಕೊಡದೆ ಉಳಿದುದನ್ನು ಯಾರು ತುಂಬುತ್ತಾರೆ ಎಂಬುದನ್ನು ವಿಚಾರಿಸಿದರೆ ಸರಕಾರಿ ಶಾಲೆ, ಖಾಸಗಿ ಶಾಲೆ ಎಂಬ ಮಾತುಗಳ ಅರ್ಥವು ತಿಳಿಯುತ್ತದೆ. ಇಲ್ಲವಾದರೆ ಅವು ಬರಿಯ ಹಲಗೆಯ ಮೇಲಿನ ಹೆಸರುಗಳು. ಯಾವ ಕಲ್ಲಿನಲ್ಲಿಯೂ ಹೆಸರಿಲ್ಲದ ಒಬ್ಬ ದಾನಿಯು ಈ ವಿಚಾರದಲ್ಲಿ ಮತ್ತೆ ಮತ್ತೆ ಎದುರಾಗುತ್ತಾನೆ.

ಇಂಗ್ಲಿಷರ ಆಳಿಕೆಯು ಬೇರೂರುವ ಮೊದಲು ಊರ ಹುಡುಗರು ಅಕ್ಷರ ಕಲಿಯುತ್ತಿದ್ದುದು ಐಗಳ ಮಠದಲ್ಲಿ. ಕೆಲವು ಸೀಮೆಗಳಲ್ಲಿ ಅದನ್ನು ಕೂಲಿಮಠವೆಂದು ಕರೆಯುತ್ತಿದ್ದರು. ಹೆಸರೇ ಅದರ ಹಣದ ಬಗೆಯನ್ನು ಹೇಳಿಬಿಡುತ್ತದೆ. ಐಗಳಿಗೆ ಗೊತ್ತಾದ ಸಂಬಳವಿರಲಿಲ್ಲ. ಹುಡುಗರ ಮನೆಗಳಿಂದ ಬರುವ ಕಾಳುಕಡಿ, ಹಬ್ಬಹುಣ್ಣಿಮೆಯ ದಕ್ಷಿಣೆ, ತಿಂಗಳ ಕೂಲಿಯ ನಾಲ್ಕು ಕಾಸು, ಇವುಗಳಿಂದಲೇ ಅವರ ಸಂಸಾರವು ಸಾಗಬೇಕು. ಮಹಾನವಮಿಯು ಬಂದಿತೆಂದರೆ ಹುಡುಗರು ಗುಂಪು ಕೂಡಿ ಮನೆಮನೆಯ ಮುಂದೆ ಚೌಪದವನ್ನು ಹಾಡಿ, ಬಂದುದನ್ನು ತಂದು ಐಗಳ ಮುಂದೆ ಇರಿಸುತ್ತಿದ್ದರು. ಇದರಲ್ಲಿ ಒಂದು ಸೊಗಸೂ ಉಂಟು, ಒಂದು ದೈನ್ಯವೂ ಉಂಟು. ಊರು ಸುಭಿಕ್ಷವಾಗಿದ್ದರೆ ಮಠವೂ ಸುಭಿಕ್ಷ. ಊರಿಗೆ ಬರ ಬಂದರೆ ಮೊದಲು ಮುಚ್ಚುವ ಬಾಗಿಲು ಮಠದ್ದೇ. ಕೊಡಲಾರದವನ ಮಗನು ಹಿಂದೆ ಉಳಿಯುತ್ತಿದ್ದನು. ಮಠದ ಕಟ್ಟೆಯನ್ನೇ ಏರಗೊಡದ ಜಾತಿಗಳ ಮಕ್ಕಳಿಗಂತೂ ಕೈಯಲ್ಲಿ ಕಾಸಿದ್ದರೂ ಅಕ್ಷರವಿರಲಿಲ್ಲ. ಹಿಂದಿನ ಕಾಲವನ್ನು ಹೊಗಳುವವರು ಈ ಕೊನೆಯ ಮಾತನ್ನು ನುಂಗಿಕೊಳ್ಳುವುದು ವಾಡಿಕೆ.

ಈ ಏರ್ಪಾಡಿನ ಲೆಕ್ಕವು ಒಂದು ಜಿಲ್ಲೆಯ ಮಟ್ಟಿಗೆ ಬರೆದಿಟ್ಟಂತೆ ಉಳಿದಿದೆ. ಮದ್ರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು 1822ರಲ್ಲಿ ಪ್ರಾಂತದ ಕಲೆಕ್ಟರರಿಂದ ದೇಶೀಯ ಶಾಲೆಗಳ ಸಂಖ್ಯೆಯನ್ನು ತರಿಸಿದರು. ಬಳ್ಳಾರಿಯ ಕಲೆಕ್ಟರರಾದ ಎ. ಡಿ. ಕ್ಯಾಂಬೆಲ್ ಅವರು 1823ರ ಆಗಸ್ಟಿನಲ್ಲಿ ಉತ್ತರವನ್ನು ಕಳುಹಿದರು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಕೂಡಿತ್ತು. ಜನಸಂಖ್ಯೆ 9,27,857, ಶಾಲೆಗಳು 533, ಓದುವವರು 6,641, ಎಂದರೆ ಸಾವಿರ ಜನರಿಗೆ ಏಳು ಮಂದಿಯಂತೆ. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಮಿಕ್ಕವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಹುಡುಗಿಯರು ಇಡಿಯ ಜಿಲ್ಲೆಗೆ 60 ಮಂದಿ. ಅಂಕಿಗಳಿಗಿಂತಲೂ ಅವರ ಮುಂದಿನ ಮಾತು ಹೆಚ್ಚಿನದು. ಈ 533 ಶಾಲೆಗಳಲ್ಲಿ ಒಂದಕ್ಕಾದರೂ ಸರಕಾರದ ಸಹಾಯವಿಲ್ಲವೆಂದು ಹೇಳಲು ತಮಗೆ ನಾಚಿಕೆಯಾಗುತ್ತದೆಂದು ಅವರು ಸರಕಾರಕ್ಕೇ ತಿಳಿಸಿದರು. ಜನರು ಬಡವಾದುದಕ್ಕೆ ವಿಲಾಯತಿಯ ಬಟ್ಟೆಯು ಬಂದು ಇಲ್ಲಿಯ ನೆಯ್ಗೆಯು ಕೆಟ್ಟುದೂ ಒಂದು ಕಾರಣವೆಂದು ಸಂಕೋಚವಿಲ್ಲದೆ ಬರೆದರು. ಜಿಲ್ಲೆಯ ಅಧಿಕಾರಿಯೊಬ್ಬನು ಮೇಲಿನವರಿಗೆ ಇಂಥ ಕಾಗದವನ್ನು ಬರೆಯುವುದು ಯಾವ ಕಾಲದಲ್ಲಿಯೂ ಅಪೂರ್ವವೇ. ಹಿಂದುಸ್ಥಾನದ ವಿದ್ಯೆಗಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಂತೆ ತೆಗೆದಿರಿಸಬೇಕೆಂದು ಪಾರ್ಲಿಮೆಂಟು ಕಂಪನಿಗೆ ವಿಧಿಸಿ ಆಗಲೇ ಹತ್ತು ವರ್ಷಗಳಾಗಿದ್ದುವು. 1813ರ ಆ ಲಕ್ಷದಲ್ಲಿ ಬಳ್ಳಾರಿಯ ಐಗಳಿಗೆ ಒಂದು ದುಡ್ಡೂ ಮುಟ್ಟಿರಲಿಲ್ಲ.

ಸರಕಾರವು ಶಾಲೆಗೆ ಹಣ ಕೊಡುವುದಕ್ಕೆ ಒಂದು ನಿಯಮವು ಹುಟ್ಟಿದ್ದು 1854ರಲ್ಲಿ. ಸರ್ ಚಾರ್ಲ್ಸ್ ವುಡ್ ಅವರ ಹೆಸರಿನಿಂದ ಪ್ರಸಿದ್ಧವಾದ ಆ ಖಲೀತೆಯಲ್ಲಿ ಗ್ರಾಂಟ್-ಇನ್-ಏಡ್ ಎಂಬ ಪದ್ಧತಿಯನ್ನು ಸೂಚಿಸಲಾಯಿತು. ಎಲ್ಲ ಶಾಲೆಗಳನ್ನೂ ತಾನೇ ನಡೆಯಿಸಲು ಸರಕಾರದ ಕೈಲಾಗದು. ಆದುದರಿಂದ ಊರವರಾಗಲಿ, ಮಿಶನ್ನಿನವರಾಗಲಿ, ಬೇರೆ ಯಾರೇ ಆಗಲಿ ಶಾಲೆಯನ್ನು ಸ್ಥಾಪಿಸಿ ಲೌಕಿಕ ವಿದ್ಯೆಯನ್ನು ಸರಿಯಾಗಿ ಕಲಿಸಿದರೆ, ಆಡಳಿತಕ್ಕೆ ಹೊಣೆಗಾರರಿದ್ದರೆ, ಸರಕಾರದ ತಪಾಸಣೆಗೆ ಒಳಪಟ್ಟರೆ, ಹುಡುಗರಿಂದ ಅಲ್ಪವಾದರೂ ಫೀಯನ್ನು ತೆಗೆದುಕೊಂಡರೆ, ವೆಚ್ಚದ ಒಂದಂಶವನ್ನು ಬೊಕ್ಕಸದಿಂದ ಕೊಡಬಹುದು ಎಂಬುದೇ ಅದರ ತಿರುಳು. ಪುಕ್ಕಟೆ ಬಂದ ವಿದ್ಯೆಗೆ ಬೆಲೆಯಿಲ್ಲವೆಂಬ ನಂಬಿಕೆಯೂ ಅದರಲ್ಲಿ ಸೇರಿತ್ತು. ಉಣ್ಣಲಿಕ್ಕಿಲ್ಲದವನ ಮಗನಿಗೂ ಈ ನಂಬಿಕೆಯು ಸಲ್ಲುವುದೆ ಎಂದು ಲಂಡನ್ನಿನಲ್ಲಿ ಕುಳಿತವರು ಬಹಳ ಯೋಚಿಸಿದಂತೆ ತೋರುವುದಿಲ್ಲ. ಅದು ಹೇಗೂ ಇರಲಿ, ಪೂರ್ತಿ ಸರಕಾರದ ಹಣದಿಂದ ನಡೆಯುವ ಶಾಲೆ, ಅಂಶತಃ ಸರಕಾರದ ಹಣವುಳ್ಳ ಶಾಲೆ, ಸರಕಾರದ ಹಣವಿಲ್ಲದ ಶಾಲೆ ಎಂಬ ಮೂರು ಬಗೆಗಳು ಅಂದು ಏರ್ಪಟ್ಟುವು. ಇಂದಿಗೂ ಅವೇ ಮೂರು ನಡೆದು ಬಂದಿವೆ.

ಈ ಭೇದವು ಕೇವಲ ಜಮಾಖರ್ಚಿನದಲ್ಲವೆಂಬುದನ್ನು ಧಾರವಾಡದ ಒಬ್ಬ ಹುಡುಗನು ಎರಡು ವರ್ಷದೊಳಗೇ ಲೋಕಕ್ಕೆ ತೋರಿಸಿಕೊಟ್ಟನು. ಅಸ್ಪೃಶ್ಯರೆಂದು ಎಣಿಸಲ್ಪಟ್ಟಿದ್ದ ಮಹಾರ ಸಮಾಜದ ಹುಡುಗನವನು. ಧಾರವಾಡದ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲೊಲ್ಲರೆಂದು 1856ರ ಜೂನಿನಲ್ಲಿ ಅವನು ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಬರೆದುಕೊಂಡನು. ನ್ಯಾಯವು ಹುಡುಗನ ಕಡೆಗಿದೆಯೆಂದು ಸರಕಾರಕ್ಕೆ ಗೊತ್ತಿತ್ತು. ಆದರೆ ಒಬ್ಬನಿಗಾಗಿ ತಲತಲಾಂತರದ ಭಾವನೆಯನ್ನು ಎದುರಿಸಿದರೆ ಶಾಲೆಯೇ ಬರಿದಾದೀತೆಂದು ಅದು ಹಿಂಜರಿಯಿತು. ವಿಷಯವು ಕಲಕತ್ತೆಗೂ ಲಂಡನ್ನಿಗೂ ಹೋಯಿತು. ಸರಕಾರದ ವಿದ್ಯಾಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು 1858ರಲ್ಲಿ ಕಂಪನಿಯ ಡೈರೆಕ್ಟರರು ತಿಳಿಸಿದರು. ಆಗ ಮುಂಬಯಿ ಸರಕಾರವು ಮಾಡಿದ ನಿರ್ಣಯವು ಗಮನಿಸತಕ್ಕುದು. ಕೇವಲ ಸರಕಾರದ ವೆಚ್ಚದಿಂದ ನಡೆಯುವ ಶಾಲೆಗಳು ಪ್ರಜೆಗಳೆಲ್ಲರಿಗೂ ಭೇದವಿಲ್ಲದೆ ತೆರೆದಿರತಕ್ಕವು. ಆದರೆ ಊರ ಪೋಷಕರೂ ವೆಚ್ಚದಲ್ಲಿ ಪಾಲುಗೊಂಡಿರುವ ಶಾಲೆಗಳಲ್ಲಿ, ಅವರು ಒಪ್ಪದಿದ್ದರೆ, ಇಂಥ ಮಕ್ಕಳನ್ನು ಸೇರಿಸಬೇಕೆಂದು ಸರಕಾರದ ಉದ್ದೇಶವಿಲ್ಲ. ಜಾತಿಯ ನೆವದಿಂದ ವಿದ್ಯೆಯನ್ನು ತಡೆಯುವ ಶಾಲೆಗೆ ಸಹಾಯವನ್ನು ನಿಲ್ಲಿಸುವ ಅಧಿಕಾರವು ಮಾತ್ರ ಸರಕಾರದ್ದೇ. ಯಾರ ಹಣವೋ ಅವರ ಬಾಗಿಲು ಎಂಬುದನ್ನು ಇದಕ್ಕಿಂತ ಬಿಚ್ಚಿ ಹೇಳುವುದು ಸಾಧ್ಯವಿಲ್ಲ. ಆ ಹುಡುಗನು ಮುಟ್ಟಿದ ಗಾಯವು ಮಾಯಲು ತೊಂಬತ್ತು ವರ್ಷಗಳಾದರೂ ಬೇಕಾದುವು: ಸರಕಾರವು ನಡೆಯಿಸುವ ಅಥವಾ ಸರಕಾರದ ನಿಧಿಯಿಂದ ಸಹಾಯ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಧರ್ಮ, ಕುಲ, ಜಾತಿ, ಭಾಷೆಗಳ ಕಾರಣದಿಂದಲೇ ಯಾವ ಪ್ರಜೆಗೂ ಪ್ರವೇಶವನ್ನು ನಿರಾಕರಿಸಕೂಡದೆಂದು 1950ರ ಸಂವಿಧಾನದ 29ನೆಯ ಅನುಚ್ಛೇದವು ವಿಧಿಸಿತು. ಮಾಯಿತೆಂದು ಹೇಳುವುದು ಕಾಯಿದೆಯ ಮಟ್ಟಿಗೆ ಮಾತ್ರ.

ಇನ್ನು ಸರಕಾರದ ಹಣವೆಂದರೇನು? ಮುಂಬಯಿ ಪ್ರಾಂತದಲ್ಲಿ 1860ರಿಂದಾಚೆಗೆ ರೈತನ ಮೇಲೆ ಲೋಕಲ್ ಫಂಡಿನ ಪಟ್ಟಿಯು ಬಿದ್ದಿತು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚಿಗೆ. ಅದರಲ್ಲಿ ಮೂರರಲ್ಲೆರಡು ಪಾಲು ರಸ್ತೆಬಾವಿಗಳಿಗೆ, ಮೂರರಲ್ಲೊಂದು ಪಾಲು ಶಾಲೆಗೆ. ಆಣೆಗೆ ಹನ್ನೆರಡು ಪೈ; ಆದುದರಿಂದ ರೂಪಾಯಿಗೆ ನಾಲ್ಕು ಪೈ ಮಕ್ಕಳ ಅಕ್ಷರಕ್ಕೆ. ಬೆಳಗಾವಿ, ಧಾರವಾಡ, ವಿಜಾಪುರಗಳ ಎರೆಯ ಹೊಲಗಳು ಕೊಟ್ಟ ಈ ನಾಲ್ಕು ಪೈಗಳ ಮೇಲೆಯೇ ಆ ಸೀಮೆಯ ಕನ್ನಡ ಶಾಲೆಗಳು ನಿಂತುವು. ಡೆಪ್ಯೂಟಿ ಚೆನ್ನಬಸಪ್ಪನವರಂಥವರು ಮರಾಠಿ ಶಾಲೆಗಳ ನಡುವೆ ಕನ್ನಡದ ಶಾಲೆಗಳನ್ನು ತೆರೆಯಿಸಲು ಊರೂರು ತಿರುಗಿದ ಕಥೆಯು ವಾಚಕರಿಗೆ ಹೊಸದಲ್ಲ. ಆದರೆ ತೆರೆದ ಶಾಲೆಯನ್ನು ಬದುಕಿಸಿದ್ದು ಈ ಪಟ್ಟಿಯೇ. ಮೈಸೂರು ಸೀಮೆಯಲ್ಲಿಯೂ 1868ರಲ್ಲಿ ರೈಸ್ ಸಾಹೇಬರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟಾಗ ಕೈ ನೀಡಿದ್ದು ನೆಲದ ಮೇಲಿನ ಪಟ್ಟಿಯ ಕಡೆಗೇ. ಪಟ್ಟಿ ಕೊಟ್ಟ ರೈತರಲ್ಲಿ ಎಷ್ಟು ಮಂದಿಯ ಮಕ್ಕಳು ಆ ಶಾಲೆಯ ಹೊಸ್ತಿಲನ್ನು ದಾಟಿದರೆಂದು ಕೇಳಿದರೆ ಉತ್ತರವು ಅಷ್ಟು ಸೊಗಸಾಗಿರುವುದಿಲ್ಲ. ಆದರೂ ಐಗಳ ಮಠಕ್ಕೂ ಇದಕ್ಕೂ ಒಂದು ಅಂತರವುಂಟಾಯಿತು. ಮಾಸ್ತರನು ಹಬ್ಬದ ದಕ್ಷಿಣೆಯ ದಾರಿಯನ್ನು ಕಾಯಬೇಕಾಗಿರಲಿಲ್ಲ. ಸಂಬಳವು ಅಲ್ಪವೇ ಇರಲಿ, ತಿಂಗಳಿಗೊಮ್ಮೆ ಬರುತ್ತಿತ್ತು.

ಖಾಸಗಿ ಶಾಲೆಗಳ ಗ್ರಾಂಟಿಗೆ ಮಾತ್ರ ಈ ನೆಮ್ಮದಿಯಿರಲಿಲ್ಲ. ಹಣವನ್ನು ಎಣಿಸುವ ರೀತಿಯು ಕಲಿಸುವ ರೀತಿಯನ್ನು ಹೇಗೆ ಕೆಡಿಸಬಲ್ಲುದೆಂಬುದಕ್ಕೆ ಫಲಕ್ಕೆ ತಕ್ಕ ಗ್ರಾಂಟು ಎಂಬ ಪದ್ಧತಿಗಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯದು. ಇದು ಬೆಳೆದುದು ಇಂಗ್ಲಂಡಿನಲ್ಲಿ. ರಾಬರ್ಟ್ ಲೋ ಎಂಬವರು 1862ರಲ್ಲಿ ಆಚರಣೆಗೆ ತಂದ ನಿಯಮಾವಳಿಯಂತೆ ಮಗುವಿನ ಹಾಜರಿಗೆ 4 ಶಿಲಿಂಗು; ಓದು, ಬರಹ, ಲೆಕ್ಕ ಎಂಬ ಮೂರರ ಪರೀಕ್ಷೆಗೆ 8 ಶಿಲಿಂಗು; ಮೂರರಲ್ಲಿ ಒಂದೊಂದರಲ್ಲಿ ತಪ್ಪಿದಾಗಲೂ 2 ಶಿಲಿಂಗು 8 ಪೆನ್ಸು ಕಡಿತ. ಕೊಟ್ಟ ಹಣಕ್ಕೆ ತಕ್ಕ ಸರಕು ಬರಬೇಕೆಂಬುದು ವ್ಯಾಪಾರದ ನ್ಯಾಯ. ಅದು ಶಾಲೆಗೂ ಸಲ್ಲಬೇಕೆಂಬುದು ಅವರ ವಾದ. ಆಗ ಶಾಲೆಗಳ ಇನಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಇದರಿಂದ ಕಲಿಕೆಯು ಯಂತ್ರದ ಕೆಲಸವಾಗುತ್ತದೆಂದು ಎಷ್ಟು ಸಾರಿದರೂ ಕೇಳುವವರಿರಲಿಲ್ಲ. ಮದ್ರಾಸು, ಮುಂಬಯಿ ಪ್ರಾಂತಗಳು ಈ ಪದ್ಧತಿಯನ್ನು ಎತ್ತಿಕೊಂಡುವು. ಮಂಗಳೂರು, ಬಳ್ಳಾರಿಗಳು ಒಂದು ಪ್ರಾಂತಕ್ಕೂ ಧಾರವಾಡ, ಬೆಳಗಾವಿ, ಕಾರವಾರಗಳು ಇನ್ನೊಂದಕ್ಕೂ ಸೇರಿದ್ದುದರಿಂದ ಕನ್ನಡದ ಮಕ್ಕಳೂ ಈ ತಕ್ಕಡಿಯನ್ನು ಏರಿದರು.

ಅದರ ಫಲವನ್ನು ಊಹಿಸುವುದು ಕಷ್ಟವಲ್ಲ. ಇನಸ್ಪೆಕ್ಟರರು ವರ್ಷಕ್ಕೊಮ್ಮೆ ಬರುತ್ತಾರೆ. ಅವರು ಬರುವ ದಿವಸ ಜ್ವರ ಬಂದ ಹುಡುಗನೂ ಹಲಗೆ ಹಿಡಿದು ಕುಳಿತಿರಬೇಕು. ಅವನು ಮಲಗಿದರೆ ಮಾಸ್ತರರ ಮನೆಯ ಜೋಳದಲ್ಲಿ ಅಷ್ಟು ಕಡಿಮೆ. ಓದುವ ಪುಸ್ತಕವು ಗೊತ್ತಾದುದೇ ಆದುದರಿಂದ ಅದನ್ನು ತೆರೆಯದೆಯೇ ಒಪ್ಪಿಸುವಂತೆ ಹುಡುಗರನ್ನು ತಯಾರಿಸುವುದು ಸುಲಭ. ಮಂದಬುದ್ಧಿಯ ಹುಡುಗನು ನಷ್ಟದ ಬಾಬು. ಜಾಣನಾದವನು ಹೇಗಿದ್ದರೂ ಪಾಸಾಗುವುದರಿಂದ ಅವನಿಗಾಗಿ ಶ್ರಮಪಡುವುದೂ ವ್ಯರ್ಥ. ನಡುವಿನವರನ್ನು ತಿದ್ದಿ ತೀಡಿ ಗೆರೆ ದಾಟಿಸುವುದೇ ವಿದ್ಯಾದಾನವಾಯಿತು. ಇಷ್ಟಾಗಿಯೂ ತಪ್ಪೆಲ್ಲವೂ ಮಾಸ್ತರರ ಮೇಲೆಯೇ ಬರುತ್ತಿತ್ತು. ಮನೆ ನಡೆಯಲು ಬೇರೆ ದಾರಿಯಿಲ್ಲದವನು ಹಾಗೆ ಮಾಡಿದರೆ ಅದನ್ನು ಲೋಭವೆಂದು ಕರೆಯುವುದು ನ್ಯಾಯವಲ್ಲ. ಕೊನೆಗೆ ಲಾರ್ಡ್ ಕರ್ಜನ್ನರ ಸರಕಾರವು 1904ರ ಠರಾವಿನಲ್ಲಿ ಈ ಪದ್ಧತಿಯನ್ನು ಕೈಬಿಟ್ಟುದನ್ನು ಸಾರಿತು. ಇಂಗ್ಲಂಡಿನಲ್ಲಿ ಅದು ಅದಕ್ಕೂ ಮೊದಲೇ ಬಿದ್ದುಹೋಗಿತ್ತು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1884ರಲ್ಲಿ ಪುಣೆಯಲ್ಲಿ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯು ಸ್ಥಾಪಿತವಾಯಿತು. ಅದರ ಆಜೀವ ಸದಸ್ಯರೆಂದರೆ ಇಪ್ಪತ್ತು ವರ್ಷ ಅಲ್ಪ ಸಂಬಳದ ಮೇಲೆ ಕಲಿಸುವೆವೆಂದು ಪ್ರತಿಜ್ಞೆ ಮಾಡಿದವರು. ತಿಂಗಳಿಗೆ 75 ರೂಪಾಯಿಗಳು. ಗೋಪಾಲ ಕೃಷ್ಣ ಗೋಖಲೆಯವರು ಹೀಗೆ ದುಡಿದು 1902ರಲ್ಲಿ ನಿವೃತ್ತರಾದರು. ಅವರಷ್ಟು ಓದಿದವರಿಗೆ ಬೇರೆ ಕಡೆ ಸಿಕ್ಕಬಹುದಾಗಿದ್ದ ಸಂಬಳದಿಂದ ಈ 75ನ್ನು ಕಳೆದರೆ ಉಳಿಯುವ ಮೊತ್ತವೇ ಆ ಸಂಸ್ಥೆಗೆ ಬಂದ ವರ್ಗಣಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಸಂಸ್ಥಾನಿಕರ ದೇಣಿಗೆಗಳು ಒಂದು ಸಲ ಬಂದವು. ಇದು ತಿಂಗಳು ತಿಂಗಳೂ ಬಂದಿತು, ಯಾವ ಜಮಾಖರ್ಚಿನ ವಹಿಯಲ್ಲಿಯೂ ಏರಲಿಲ್ಲ. ಆ ಮೇಲ್ಪಂಕ್ತಿಯನ್ನು ಕಣ್ಣ ಮುಂದಿಟ್ಟುಕೊಂಡು 1916ರ ನವಂಬರಿನಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಹುಟ್ಟಿಸಿದವರೂ ಶಿಕ್ಷಕರೇ, ಏಳು ಮಂದಿ. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಋಷಿಗಳೆಂದು ಕರೆದರೆ ಸಂಬಳದ ಮಾತು ತಾನೇ ಹಿಂದೆ ಸರಿಯುತ್ತದೆ.

ದಾನಶೂರರೂ ಇದ್ದರೆಂಬುದನ್ನು ಮರೆಯಕೂಡದು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಮೃತ್ಯುಪತ್ರದಿಂದ ವಿದ್ಯಾರ್ಥಿಗಳ ಪಾಲಿಗೆ ಬಿಟ್ಟರು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲನ್ನು ತೆರೆದು, ಹದಿನೈದು ವರ್ಷಗಳ ತರುವಾಯ ಬ್ಯಾಂಕನ್ನು ಸ್ಥಾಪಿಸಿದರು. ಮೊದಲು ಶಾಲೆ, ಆಮೇಲೆ ಬ್ಯಾಂಕು ಎಂಬ ಈ ಕ್ರಮವು ಈಗ ತಿರುಗಿಹೋಗಿದೆಯೆಂದು ಕೆಲವರು ನಗುವುದುಂಟು. ದೊಡ್ಡವರ ಆಸ್ತಿಯಿಲ್ಲದ ಕಡೆಗಳಲ್ಲಿ ಮುಷ್ಟಿಫಂಡಿತ್ತು. ಅಡಿಗೆಗೆ ಕಾಳು ಅಳೆಯುವಾಗ ಮನೆಯಾಕೆಯು ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವಳು. ವಾರಕ್ಕೊಮ್ಮೆ ಅದು ವಿದ್ಯಾರ್ಥಿಗಳ ಪ್ರಸಾದನಿಲಯಕ್ಕೆ ಹೋಗುವುದು. ಧಾರವಾಡದ ಮುರುಘಾಮಠದಂಥ ಮಠಗಳ ನೆರಳಿನಲ್ಲಿ ಉಂಡು ಓದಿದ ಹಳ್ಳಿಯ ಹುಡುಗರ ಸಂಖ್ಯೆಯು ಅಪಾರ. ಗೋಖಲೆಯವರು ಮಾತ್ರ ಇಂಥ ದಾನಧರ್ಮಗಳ ಮೇಲೆ ಭಾರ ಹಾಕಿ ಸುಮ್ಮನಿರಲಿಲ್ಲ. ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯಮಾಡಬೇಕು, ಅದರ ವೆಚ್ಚದಲ್ಲಿ ಎರಡು ಪಾಲು ಸರಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಗಳದ್ದು ಎಂಬ ಲೆಕ್ಕವನ್ನು ಹಿಡಿದು 1911ರಲ್ಲಿ ಮಸೂದೆಯನ್ನು ತಂದರು. 1912ರ ಮಾರ್ಚಿನಲ್ಲಿ 38 ಮತಗಳು ಅದರ ವಿರುದ್ಧವೂ 13 ಮತಗಳು ಅದರ ಕಡೆಗೂ ಬಿದ್ದುವು.

ಸ್ವರಾಜ್ಯ ಬಂದ ಮೇಲೆ ಲೆಕ್ಕವು ಬದಲಾಯಿತು. ಅನುದಾನವೆಂದರೆ ವೆಚ್ಚದ ಒಂದು ಚೂರು ಎಂಬುದು ಹೋಗಿ, ಕ್ರಮೇಣ ಅನುದಾನಿತ ಶಾಲೆಯ ಮಾಸ್ತರರ ಸಂಬಳವೇ ಬೊಕ್ಕಸದಿಂದ ಬರುವಂತಾಯಿತು. ಇದು ಸಣ್ಣ ಮಾತಲ್ಲ. ತಾಲೂಕು ಕೇಂದ್ರಗಳಲ್ಲಿ, ಹೋಬಳಿಯ ಊರುಗಳಲ್ಲಿ ಊರ ಮುಖಂಡರು ಜಾಗ ಕೊಟ್ಟು ಹಂಚಿನ ಮಾಡನ್ನು ಎಬ್ಬಿಸಿದ ಹೈಸ್ಕೂಲುಗಳು ಸಾಲಸಾಲಾಗಿ ನಿಂತುದು ಈ ಬೆಂಬಲದಿಂದಲೇ. ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ, ಹೈಸ್ಕೂಲನ್ನೇ ಕಾಣದ ಊರುಗಳಿಗೆ ಜನತಾ ವಿದ್ಯಾಲಯಗಳನ್ನು ಒಯ್ದರು. ಇಂಥ ಶಾಲೆಗಳನ್ನು ಖಾಸಗಿ ಎಂದು ಕರೆಯುವುದು ಆಡಳಿತ ಮಂಡಳಿಯ ದೃಷ್ಟಿಯಿಂದ ಸರಿ. ಸಂಬಳದ ದೃಷ್ಟಿಯಿಂದ ಅವು ಸರಕಾರದವು. ಜಾಗದ ದೃಷ್ಟಿಯಿಂದ ಊರಿನವು. ಅತ್ತ ಸರಕಾರಿ ಶಾಲೆಗಳೆನ್ನಿಸಿಕೊಳ್ಳುವ ಎಷ್ಟೋ ಶಾಲೆಗಳು ಊರವರು ಬಿಟ್ಟುಕೊಟ್ಟ ಹೊಲದಲ್ಲಿಯೇ ನಿಂತಿವೆ. ಕಲಿಸುವವನಿಗೆ ಬೇಡುವ ಕೈ ಇರಬಾರದೆಂಬ ಹಳೆಯ ಆಸೆಯು ಈ ಮೂವತ್ತು ನಲವತ್ತು ವರ್ಷಗಳಲ್ಲಿ ಕೈಗೂಡಿದಷ್ಟು ಹಿಂದೆಯೂ ಕೈಗೂಡಿರಲಿಲ್ಲ, ಮುಂದೆಯೂ ಕೈಗೂಡಲಿಲ್ಲ. ಕೊಠಾರಿ ಆಯೋಗವು 1966ರಲ್ಲಿ ರಾಷ್ಟ್ರದ ಆದಾಯದ ನೂರಕ್ಕೆ ಆರು ಪಾಲು ವಿದ್ಯೆಗೆ ಬೇಕೆಂದಿತು. ಅದನ್ನೇ 2020ರ ನೀತಿಯೂ ಇನ್ನೊಮ್ಮೆ ಹೇಳಿತು. ಹೇಳಿದುದನ್ನು ಇನ್ನೊಮ್ಮೆ ಹೇಳಬೇಕಾಗಿ ಬಂದುದರಿಂದಲೇ ಅದರ ಗತಿಯು ತಿಳಿಯುವಂತಿದೆ.

ಹೊಸ ಶಾಲೆಗಳಿಗೆ ಬೊಕ್ಕಸದ ಬಾಗಿಲು ಕಿರಿದಾಗುತ್ತ ಬಂದಿತು. ಕರ್ನಾಟಕದಲ್ಲಿ 1995ರ ಅನಂತರ ಹುಟ್ಟಿದ ಕನ್ನಡ ಮಾಧ್ಯಮದ ಖಾಸಗಿ ಶಾಲೆಗಳು ವೇತನಾನುದಾನಕ್ಕಾಗಿ ಬೇಡುತ್ತಲೇ ಬಂದಿವೆ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಫೀ ಕೊಡಬಲ್ಲ ತಂದೆತಾಯಿಗಳು ಸಿಗುತ್ತಾರೆ. ಕನ್ನಡದಲ್ಲಿ ಕಲಿಸುವ ಶಾಲೆಗೆ ಬರುವವರು ಹೆಚ್ಚಾಗಿ ಕೊಡಲಾರದವರು. ಆದುದರಿಂದ ಅನುದಾನವಿಲ್ಲದ ಕನ್ನಡ ಶಾಲೆಯು ಎರಡು ಕಡೆಯಿಂದಲೂ ಬರಿದು. ಹಳೆಯ ಅನುದಾನಿತ ಶಾಲೆಗಳಲ್ಲಿಯೂ ನಿವೃತ್ತರಾದವರ ಜಾಗವು ಬಹುಕಾಲ ತೆರವಾಗಿಯೇ ಉಳಿಯುವುದುಂಟು. ಆಗ ಮಂಡಳಿಯವರು ತಮ್ಮ ಕೈಯಿಂದ ಸಣ್ಣ ಸಂಬಳವನ್ನು ಗೊತ್ತುಮಾಡಿ ಯಾರನ್ನಾದರೂ ನಿಲ್ಲಿಸಿಕೊಳ್ಳುತ್ತಾರೆ. ಒಂದೇ ಕೋಣೆಯ ಅಕ್ಕಪಕ್ಕದ ಎರಡು ತರಗತಿಗಳಲ್ಲಿ ಒಂದೇ ಪಾಠವನ್ನು ಹೇಳುವ ಇಬ್ಬರ ಸಂಬಳಗಳಲ್ಲಿ ಐದಾರು ಪಟ್ಟು ಅಂತರವಿದ್ದರೂ ಹುಡುಗರಿಗೆ ಅದು ತಿಳಿಯುವುದಿಲ್ಲ.

ಪೇಟೆಯ ಸಣ್ಣ ಅನುದಾನರಹಿತ ಶಾಲೆಯನ್ನು ನೋಡಿದರೆ ಗೋಖಲೆಯವರ ಕಾಲದ ದಾನಿಯು ಅಲ್ಲಿ ಮತ್ತೆ ಕಾಣಿಸುತ್ತಾನೆ; ಈಗ ಹೆಚ್ಚಾಗಿ ಕಾಣಿಸುತ್ತಾಳೆ ಎನ್ನಬೇಕು. ಡಿ.ಎಡ್. ಅಥವಾ ಬಿ.ಎಡ್. ಮುಗಿಸಿದ ಶಿಕ್ಷಕಿಯು ಕೂಲಿಯವರ ಗಳಿಕೆಗಿಂತ ಹೆಚ್ಚಲ್ಲದ ಸಂಬಳಕ್ಕೆ ನಲವತ್ತು ಮಕ್ಕಳನ್ನು ಕಾಯುತ್ತಾಳೆ. ಕೈಗೆ ಬಂದುದಕ್ಕಿಂತ ದೊಡ್ಡ ಮೊತ್ತಕ್ಕೆ ರುಜು ಹಾಕಿಸಿಕೊಳ್ಳುತ್ತಾರೆಂಬ ದೂರು ಈ ವೃತ್ತಿಯಲ್ಲಿ ಹೊಸದಲ್ಲ. ಶಾಲೆಯ ಫೀ ಅಗ್ಗವಾಗಿದೆಯೆಂದು ತಂದೆತಾಯಿಗಳು ಸಂತೋಷಪಡುತ್ತಾರೆ, ಸರಕಾರಕ್ಕಿಂತ ಕಡಿಮೆ ವೆಚ್ಚದಲ್ಲಿ ಖಾಸಗಿಯವರು ಕಲಿಸುತ್ತಾರೆಂದು ಪಂಡಿತರು ಲೆಕ್ಕ ಹಾಕಿ ತೋರಿಸುತ್ತಾರೆ. ಆ ಲೆಕ್ಕದಲ್ಲಿ ಉಳಿತಾಯವೆಂದು ಬರೆದಿರುವುದು ಆ ಶಿಕ್ಷಕಿಯ ವರ್ಗಣಿ. ಗೋಖಲೆಯವರೂ ಬೆಳಗಾವಿಯ ಏಳು ಮಂದಿಯೂ ತಿಳಿದು, ಪ್ರತಿಜ್ಞೆ ಮಾಡಿ, ತಮ್ಮದೇ ಸಂಸ್ಥೆಗೆ ಕೊಟ್ಟರು. ಇವಳನ್ನು ಯಾರೂ ಕೇಳಲಿಲ್ಲ, ಸಂಸ್ಥೆಯೂ ಇವಳದಲ್ಲ.

2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಹಣಕ್ಕೆ ಒಂದು ಹೊಸ ಕಾಲುವೆಯನ್ನು ತೋಡಿತು. ಅನುದಾನರಹಿತ ಶಾಲೆಯ ಮೊದಲ ತರಗತಿಯಲ್ಲಿ ನೂರಕ್ಕೆ ಇಪ್ಪತ್ತೈದು ಜಾಗಗಳು ನೆರೆಯ ದುರ್ಬಲ ವರ್ಗಗಳ ಮಕ್ಕಳಿಗೆ. ಅವರ ಫೀಯನ್ನು ಸರಕಾರವು ತುಂಬಿಕೊಡುವುದು. ತುಂಬಿಕೊಡುವ ಮೊತ್ತವು ಸರಕಾರವು ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ, ಅಥವಾ ಆ ಶಾಲೆಯ ಫೀ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕರ್ನಾಟಕದಲ್ಲಿ ಆರಂಭದ ವರ್ಷಗಳಲ್ಲಿ ಒಂದನೆಯ ತರಗತಿಯ ಮಗುವಿಗೆ ಇದರ ಮಿತಿಯು ವರ್ಷಕ್ಕೆ 11,848 ರೂಪಾಯಿಗಳು. ಬಡವನ ಮಗುವಿಗೆ ಪೇಟೆಯ ಶಾಲೆಯ ಬಾಗಿಲು ತೆರೆದುದು ಒಳ್ಳೆಯದೇ. ಧಾರವಾಡದ ಹುಡುಗನನ್ನು ನೆನೆದರೆ ಇದನ್ನು ಹಗುರಾಗಿ ಕಾಣಲಾಗದು. ಆದರೆ ಹಳ್ಳಿಯ ಸರಕಾರಿ ಶಾಲೆಯಿಂದ ಎಂಟು ಮಕ್ಕಳು ಹೊರಟರೆ ಅಲ್ಲಿಯ ವೆಚ್ಚವೇನೂ ಎಂಟು ಪಾಲು ಕಡಿಮೆಯಾಗುವುದಿಲ್ಲ. ಮಾಸ್ತರರು ಅವರೇ, ಕೋಣೆಯೂ ಅದೇ. 2019ರಲ್ಲಿ ರಾಜ್ಯವು ನಿಯಮವನ್ನು ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಜಾಗಗಳಿಲ್ಲವೆಂದಿತು. ತೋಡಿದ ಕಾಲುವೆಯನ್ನು ಬಹುಮಟ್ಟಿಗೆ ಮುಚ್ಚಿದಂತಾಯಿತು. ಅದರಿಂದ ಉಳಿದ ಹಣವು ಸರಕಾರಿ ಶಾಲೆಯ ಹೊಲಕ್ಕೆ ಹರಿಯಿತೇ ಎಂಬುದು ಬೇರೆಯೇ ಪ್ರಶ್ನೆ.

ಸರಕಾರಿ ಶಾಲೆಯಲ್ಲಿಯೂ ಈಗ ತಲೆಯೆಣಿಕೆಯು ಬಲವಾಗಿದೆ. ಕೇಂದ್ರ ಸರಕಾರವೂ ರಾಜ್ಯವೂ 60ಕ್ಕೆ 40ರಂತೆ ಹಂಚಿಕೊಂಡ ಸಮಗ್ರ ಶಿಕ್ಷಣದ ಯೋಜನೆಯಲ್ಲಿ ಶಾಲೆಯ ವಾರ್ಷಿಕ ಅನುದಾನವೆಂಬುದೊಂದುಂಟು. ಸೀಮೆಸುಣ್ಣ, ದುರಸ್ತಿ, ದೀಪ, ನೀರು, ಎಲ್ಲವೂ ಅದರಲ್ಲಿ. ಯೋಜನೆಯನ್ನು 2021ರಲ್ಲಿ ಪರಿಷ್ಕರಿಸಿದಾಗ ಗೊತ್ತುಮಾಡಿದಂತೆ ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ; ಮೂವತ್ತನ್ನು ದಾಟಿ ನೂರರವರೆಗೆ 25,000. ಎಂದರೆ ಮೂವತ್ತೊಂದನೆಯ ಮಗುವಿನ ಬೆಲೆ 15,000 ರೂಪಾಯಿ. ಆ ಮಗುವಿನ ತಂದೆಯು ಕಬ್ಬಿನ ಕಟಾವಿಗೆಂದು ಸಂಸಾರಸಹಿತ ಹೋದರೆ ಶಾಲೆಯ ಛಾವಣಿಯು ಸೋರುತ್ತದೆ. ಇನಸ್ಪೆಕ್ಟರರ ಮುಂದೆ ಜ್ವರದ ಹುಡುಗನನ್ನು ಕುಳ್ಳಿರಿಸಿದ ಕಾಲದವರು ಈ ಲೆಕ್ಕವನ್ನು ಚೆನ್ನಾಗಿ ತಿಳಿದುಕೊಳ್ಳುತ್ತಿದ್ದರು.

ಹೀಗೆಯೇ ಕಾಯಿದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರು ಮಾಸ್ತರರು, ತೊಂಬತ್ತರವರೆಗೆ ಮೂವರು. ಆ ಜಾಗಗಳನ್ನು ಕಾಯಮಾಗಿ ತುಂಬದೆ ಉಳಿದ ಕಡೆಗಳಲ್ಲಿ ಕೆಲಸವನ್ನು ನಡೆಯಿಸುವವರಿಗೆ ಅತಿಥಿ ಶಿಕ್ಷಕರೆಂದು ಹೆಸರು. ಹೆಸರನ್ನು ಇಟ್ಟವರು ರಸಿಕರಿರಬೇಕು. ಅತಿಥಿಯ ಸಂಬಳಕ್ಕೆ ಗೌರವಧನವೆಂದರು. ಅದು ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ ಸಲ್ಲುತ್ತದೆ, ಅದೂ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಮುಂದಿನ ವರ್ಷ ಅದೇ ಶಾಲೆಯೋ ಬೇರೆಯದೋ ಎಂಬುದು ಮಕ್ಕಳ ಸಂಖ್ಯೆಯ ಮೇಲೆ, ಕಾಯಂ ಮಾಸ್ತರರ ವರ್ಗಾವಣೆಯ ಮೇಲೆ ನಿಂತಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅವರಿಗೆ ಗೌರವವೂ ಇಲ್ಲ, ಧನವೂ ಇಲ್ಲ. ಆದರೂ ಶಾಲೆಯು ತೆರೆಯುವ ಮುಂಚಿನ ದಿನಗಳಲ್ಲಿ ಹಳ್ಳಿಯ ಓಣಿಗಳಲ್ಲಿ, ಪಟ್ಟಿಯನ್ನು ಹಿಡಿದುಕೊಂಡು ಮನೆಮನೆಯ ಬಾಗಿಲಲ್ಲಿ ನಿಂತು, ಆರು ವರ್ಷದ ಮಗು ಯಾರ ಮನೆಯಲ್ಲಿದೆ, ಅದನ್ನು ಯಾವ ಶಾಲೆಗೆ ಹಾಕುವಿರಿ ಎಂದು ಕೇಳುತ್ತಿರುವ ಮಾಸ್ತರರ ಗುಂಪಿನಲ್ಲಿ ಇವರನ್ನೂ ಕಾಣಬಹುದು.